ನೆಲದಡಿಯ ನಕ್ಷೆ ಮೊದಲು ಯಾರ ಕೈಗೆ?

ಬೆಲ್ಜಿಯಂನ ಟೆರ್ವುರೆನ್ ಪಟ್ಟಣದಲ್ಲಿರುವ ಮಧ್ಯ ಆಫ್ರಿಕಾ ವಸ್ತುಸಂಗ್ರಹಾಲಯದ ಭೂವೈಜ್ಞಾನಿಕ ಕಡತಗಳ ಕುರಿತ ವಿವಾದವು ಹಳೆಯ ಕಾಗದಗಳನ್ನು ಯಾರು ಸ್ಕ್ಯಾನ್ ಮಾಡಬೇಕೆಂಬ ಆಡಳಿತಾತ್ಮಕ ತಕರಾರಿನಂತೆ ಕಂಡರೂ, ಆಫ್ರಿಕಾದ ನೆಲದಡಿಯ ಸಂಪತ್ತಿನ ಅರಿವು ಮೊದಲು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೇ ಅದರ ತಿರುಳಾಗಿದೆ. ಬಿಲ್ ಗೇಟ್ಸ್, ಜೆಫ್ ಬೆಜೋಸ್ ಮೊದಲಾದವರ ಬಂಡವಾಳದ ಬೆಂಬಲವಿರುವ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅದಿರು ಹುಡುಕುವ ಕೋಬೋಲ್ಡ್ ಮೆಟಲ್ಸ್ ಎಂಬ ಅಮೆರಿಕದ ಕಂಪನಿಯು 2025ರ ಜುಲೈನಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದೊಡನೆ ಮಾಡಿಕೊಂಡ ಪ್ರಾಥಮಿಕ ಒಪ್ಪಂದದಲ್ಲಿ ಈ ದಾಖಲೆಗಳ ಡಿಜಿಟಲೀಕರಣವೂ ಒಂದು ಅಂಶವಾಗಿದೆ. ಸಾರ್ವಜನಿಕ ಸಂಗ್ರಹವನ್ನು ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಲು ಬೆಲ್ಜಿಯಂ ಹಿಂಜರಿದಿರುವುದು ಸರಿಯಾಗಿಯೇ ಇದೆ. ಆದರೆ ಆ ದಾಖಲೆಗಳು ಬೆಲ್ಜಿಯಂನಲ್ಲೇ ಉಳಿದಿರುವುದಕ್ಕೆ ಈ ಹಿಂಜರಿಕೆಯು ಸಮರ್ಥನೆಯಾಗಲಾರದು.

ಆ ಕಡತಗಳು ಹುಟ್ಟಿದ ಬಗೆಯನ್ನು ಮರೆತು ಈ ಚರ್ಚೆಯನ್ನು ನಡೆಸಲಾಗದು. ಬೆಲ್ಜಿಯಂನ ಭೂವಿಜ್ಞಾನಿ ಜೂಲ್ ಕಾರ್ನೆ 1892ರಲ್ಲಿ ಕಾಂಗೋದ ಕಟಾಂಗಾ ಪ್ರದೇಶದ ತಾಮ್ರದ ಸಮೃದ್ಧಿಯನ್ನು ಗುರುತಿಸಿದನು. 1906ರಲ್ಲಿ ಸ್ಥಾಪನೆಗೊಂಡ ಯೂನಿಯನ್ ಮಿನಿಯೆರ್ ಕಂಪನಿಯು ಆ ತಾಮ್ರವನ್ನು ಅಗೆದು ಸಾಗಿಸಿತು. ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನ ಬಹುಪಾಲು ಕಟಾಂಗಾದ ಶಿಂಕೊಲೊಬ್ವೆ ಗಣಿಯಿಂದಲೇ ಹೋಯಿತು. ವಸಾಹತು ಆಡಳಿತದ ಅಧಿಕಾರದಡಿ, ಆ ನೆಲದ ಕೂಲಿಗಳ ಬೆವರಿನಿಂದ ಸಂಗ್ರಹವಾದ ನಕ್ಷೆಗಳು, ಕೊರೆತದ ದಾಖಲೆಗಳು, ಶಿಲಾ ಮಾದರಿಗಳು ಮತ್ತು ಕ್ಷೇತ್ರಕಾರ್ಯದ ಟಿಪ್ಪಣಿಗಳ ದೊಡ್ಡ ಪಾಲು 1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾದ ಮೇಲೂ ಯುರೋಪಿನಲ್ಲೇ ಉಳಿಯಿತು. ಜಗತ್ತಿನ ಕೋಬಾಲ್ಟ್ ಉತ್ಪಾದನೆಯಲ್ಲಿ ಶೇ. 70ರಷ್ಟನ್ನು ಪೂರೈಸುವ ದೇಶವೊಂದು ತನ್ನ ನೆಲದ ವಿವರಕ್ಕಾಗಿ ಪರದೇಶದ ಕಪಾಟಿನ ಕಡೆ ನೋಡಬೇಕಾಗಿರುವುದು ಅನ್ಯಾಯ.

ಭೂವೈಜ್ಞಾನಿಕ ಡಿಜಿಟಲ್ ನಕ್ಷೆ ಎಂದರೆ ಬಣ್ಣ ಹಚ್ಚಿದ ಭೂಪಟವಷ್ಟೇ ಅಲ್ಲ. ಕೆಳಮಟ್ಟದಲ್ಲಿ ಸಮಾನಾಂತರ ರೇಖೆಗಳಲ್ಲಿ ಹಾರುವ ವಿಮಾನವು ಶಿಲೆಗಳ ಕಾಂತೀಯತೆಯನ್ನೂ, ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂಗಳು ಹೊರಸೂಸುವ ಗಾಮಾ ಕಿರಣಗಳನ್ನೂ ಅಳೆದು ತಂದ ಅಂಕಿಗಳ ಜೊತೆಗೆ ಹಳೆಯ ಕೊರೆತದ ಫಲಿತಾಂಶಗಳನ್ನೂ ಮಣ್ಣಿನ ರಾಸಾಯನಿಕ ವಿಶ್ಲೇಷಣೆಯನ್ನೂ ಒಂದರ ಮೇಲೊಂದು ಪದರವಾಗಿ ಜೋಡಿಸಿ, ಎಲ್ಲಿ ಅದಿರು ಸಿಗುವ ಸಾಧ್ಯತೆ ಹೆಚ್ಚು ಎಂದು ತೋರಿಸುವ ದತ್ತಾಂಶ ವ್ಯವಸ್ಥೆ ಅದು. ಶೋಧನೆಯ ಪರವಾನಗಿಯ ಷರತ್ತುಗಳು, ರಾಜಧನದ ದರ, ಸರ್ಕಾರದ ಪಾಲು ಎಲ್ಲವೂ ಮಾತುಕತೆಯ ಮೇಜಿನ ಮೇಲೆ ತೀರ್ಮಾನವಾಗುವಾಗ, ಈ ದತ್ತಾಂಶವನ್ನು ಮೊದಲೇ ಓದಿಕೊಂಡು ಬಂದ ಪಕ್ಷವು ಬೆಲೆಬಾಳುವ ಜಾಗವನ್ನು ಅಗ್ಗಕ್ಕೆ ಪಡೆಯುತ್ತದೆ ಮತ್ತು ನೆಲದ ಒಡೆತನವಿರುವ ಪಕ್ಷವು ತಾನು ಏನನ್ನು ಕೊಟ್ಟೆನೆಂಬುದನ್ನು ವರ್ಷಗಳ ನಂತರ ತಿಳಿಯುತ್ತದೆ. ಈ ಅಸಮಾನತೆಯನ್ನು ನೀಗುವ ಉದ್ದೇಶದಿಂದಲೇ ವಿಶ್ವಬ್ಯಾಂಕ್ ನೂರು ಕೋಟಿ ಡಾಲರ್‌ಗಳ ಆಫ್ರಿಕಾ ನಕ್ಷೆಯ ಯೋಜನೆಯನ್ನು ಮುಂದಿಟ್ಟಿತು. ಆಫ್ರಿಕಾ ಒಕ್ಕೂಟವೂ 2009ರಲ್ಲಿ ಅಂಗೀಕರಿಸಿದ ಗಣಿಗಾರಿಕೆಯ ಮುನ್ನೋಟದಲ್ಲಿ ಭೂವೈಜ್ಞಾನಿಕ ಮಾಹಿತಿಯ ಕೊರತೆಯನ್ನು ಗುರುತಿಸಿತ್ತು.

ಮೊದಲ ನೋಟದ ಹಕ್ಕಿಲ್ಲದಿದ್ದರೆ ಯಾವ ಕಂಪನಿಯೂ ಹಣ ಹೂಡದು ಎಂಬ ವಾದವು ಶ್ರೀಮಂತ ದೇಶಗಳ ಸ್ವಂತ ನಡವಳಿಕೆಯ ಎದುರು ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಸರ್ಕಾರವು ಸಾರ್ವಜನಿಕ ಹಣದಿಂದ ತನ್ನ ನೆಲದ ಸರ್ವೇಕ್ಷಣೆ ಮಾಡಿಸಿ ಅದರ ಫಲಿತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಂಪನಿಗಳು ಸ್ವಂತ ಖರ್ಚಿನಲ್ಲಿ ನಡೆಸಿದ ಶೋಧನೆಯ ವರದಿಗಳನ್ನೂ ಸರ್ಕಾರಕ್ಕೆ ಒಪ್ಪಿಸಬೇಕು ಮತ್ತು ಅವು 5 ವರ್ಷಗಳ ಗೋಪ್ಯತೆಯ ಬಳಿಕ ಬಹಿರಂಗವಾಗುತ್ತವೆ. ಇಷ್ಟಾದರೂ ಅಲ್ಲಿಗೆ ಬಂಡವಾಳ ಬರುವುದು ನಿಂತಿಲ್ಲ. ಪರ್ತ್‌ನಲ್ಲಿ ಒಪ್ಪಿತವಾದ ನಿಯಮ ಕಿನ್ಷಾಸಾದಲ್ಲಿ ಅಸಾಧ್ಯವೆನ್ನಲು ಯಾವ ಆರ್ಥಿಕ ಕಾರಣವೂ ಇಲ್ಲ.

ಇದಕ್ಕಿಂತ ತೂಕವುಳ್ಳ ಆಕ್ಷೇಪವೊಂದಿದೆ: ದತ್ತಾಂಶ ಎಲ್ಲರಿಗೂ ತೆರೆದಿದ್ದರೂ ಅದನ್ನು ಓದಬಲ್ಲ ಕಂಪ್ಯೂಟರುಗಳೂ ತಜ್ಞರೂ ಇರುವುದು ದೊಡ್ಡ ಕಂಪನಿಗಳಲ್ಲೇ ಆದ್ದರಿಂದ, ಮುಕ್ತತೆಯ ಲಾಭವೂ ಅವರಿಗೇ ಹೋಗುತ್ತದೆ. ಈ ಮಾತು ನಿಜ. ಆದಕಾರಣ, ಬರಿಯ ಜಾಲತಾಣವೊಂದನ್ನು ತೆರೆದರೆ ಸಾಲದು. ಆಯಾ ದೇಶದ ಭೂವೈಜ್ಞಾನಿಕ ಇಲಾಖೆಯು ದತ್ತಾಂಶವನ್ನು ಮೊದಲು ಪಡೆದು, ತನ್ನದೇ ವಿಜ್ಞಾನಿಗಳಿಂದ ವಿಶ್ಲೇಷಿಸಿ, ಆನಂತರವೇ ಪರವಾನಗಿಗಳ ಹರಾಜು ನಡೆಸಬೇಕು. ನಕ್ಷೆಗೆ ನೆರವು ನೀಡುವ ದೇಶಗಳು ವಿಮಾನದ ಹಾರಾಟಕ್ಕೆ ಮಾಡುವಷ್ಟೇ ಖರ್ಚನ್ನು ಆ ಇಲಾಖೆಗಳ ಪ್ರಯೋಗಾಲಯಗಳಿಗೂ ವೇತನಕ್ಕೂ ಮಾಡಬೇಕು.

ಅದಿರಿನ ಪದರವಿರುವ ನಕ್ಷೆಯಲ್ಲಿ ಊರಿನ ಪದರವೂ ಇರಬೇಕು. ಕಾಂಗೋದ ಕೊಲ್ವೇಜಿ ನಗರದ ಕಸುಲೊ ಬಡಾವಣೆಯ ಮನೆಗಳಡಿಯಲ್ಲೇ 2014ರಲ್ಲಿ ಕೋಬಾಲ್ಟ್ ಪತ್ತೆಯಾದಾಗ ನಿವಾಸಿಗಳು ಅಂಗಳಗಳಲ್ಲೇ ಸುರಂಗ ತೋಡಿದರು. 2017ರಲ್ಲಿ ಅಲ್ಲಿನ ನೂರಾರು ಕುಟುಂಬಗಳನ್ನು ಎಬ್ಬಿಸಿ ಆ ಜಾಗಕ್ಕೆ ಗೋಡೆ ಕಟ್ಟಲಾಯಿತು. ಸಮುದಾಯದ ಸಾಂಪ್ರದಾಯಿಕ ಭೂಮಿ, ನೀರಿನ ಮೂಲ, ಸ್ಮಶಾನ, ಕೈಯಿಂದ ಅಗೆದು ಬದುಕುವವರ ಗುಂಡಿ ಇವುಗಳನ್ನು ತೋರಿಸದ ನಕ್ಷೆಯು ಅಲ್ಲಿ ವಾಸಿಸುವವರ ಒಪ್ಪಿಗೆಯನ್ನು ಕೇಳುವ ಅಗತ್ಯವನ್ನೇ ಮರೆಮಾಚುತ್ತದೆ.

ಭಾರತವೂ ಈ ಪ್ರಶ್ನೆಯ ಹೊರಗಿಲ್ಲ. ತಾಮ್ರ ಮತ್ತು ಕೋಬಾಲ್ಟ್ ಶೋಧನೆಗಾಗಿ ಜಾಂಬಿಯಾ 2025ರಲ್ಲಿ ಭಾರತಕ್ಕೆ 9,000 ಚದರ ಕಿ.ಮೀ. ಪ್ರದೇಶವನ್ನು ನೀಡಲು ಒಪ್ಪಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವೈಮಾನಿಕ ಸರ್ವೇಕ್ಷಣಾ ವಿಭಾಗವು ಬೆಂಗಳೂರಿನಲ್ಲಿರುವುದರಿಂದ ಕರ್ನಾಟಕದ ಓದುಗರಿಗೆ ಇದು ದೂರದ ಸುದ್ದಿಯಲ್ಲ. ತನ್ನ ನೆಲದ ದತ್ತಾಂಶವನ್ನು 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದ ಮೂಲಕ ಸಾರ್ವಜನಿಕಗೊಳಿಸಿದ ದೇಶವು ಜಾಂಬಿಯಾದಲ್ಲಿ ಸಂಗ್ರಹಿಸುವ ಪ್ರತಿಯೊಂದು ಅಳತೆಯನ್ನೂ, ಮೂಲ ಅಂಕಿಗಳ ಸಮೇತ, ಲುಸಾಕಾದ ಭೂವೈಜ್ಞಾನಿಕ ಇಲಾಖೆಗೆ ಮೊದಲು ಒಪ್ಪಿಸುವ ಷರತ್ತನ್ನು ಲಿಖಿತವಾಗಿ ಒಪ್ಪಿಕೊಂಡು, ಆ ಬಳಿಕವೇ ಗಣಿಗುತ್ತಿಗೆಯ ಮಾತನ್ನು ಎತ್ತಬೇಕು.