ಸದ್ದು ಮಾಡಿದ್ದು ಪೆಟ್ಟಿಗೆ, ಬೈಸ್ಕಂಡಿದ್ದು ಸೊಸೆ

ಹೋದ ಬ್ಯಾಸಿಗೆಯಾಗೆ ನಾನು ನಮ್ಮ ಸೊಸೆಗೆ ಆಡಬಾರದ ಮಾತೊಂದು ಆಡಿಬಿಟ್ಟೆ. ಅದನ್ನ ಇಲ್ಲಿ ಬರೆದ್ರೆ ಮನಸ್ಸಿಗೆ ಒಂದೀಟು ಹಗುರ ಆಗ್ತೈತೆ ಅಂತ ಕುಂತೀನಿ. ನಿಮ್ಮ ಮನೆಗಳಾಗೂ ಈಗ ಕಂಪ್ಯೂಟರ್ ಬಂದಾವೆ. ಮಕ್ಕಳ ಓದಿಗೋ, ಅಳಿಯನ ವರ್ಕ್ ಫ್ರಮ್ ಹೋಮಿಗೋ, ಹುಡುಗರ ಗೇಮಿಗೋ, ಯಾವುದಕ್ಕಾದ್ರೂ ಬಂದಿರ್ಲಿ, ಅದು ಬ್ಯಾಸಿಗೆಯಾಗೆ ಗುರ್ರ್ ಅಂತ ಕೂಗ್ತೈತಲ್ಲ, ಆ ಕೂಗಿನ ವಿಚಾರ ಇದು.

ಸೊಸೆ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಾಳೆ, ನಿಮಗೆಲ್ಲ ಗೊತ್ತೇ ಐತೆ. ಚನ್ನಗಿರಿ, ಹೊನ್ನಾಳಿ, ದಾವಣಗೆರೆ ಕಡೆ ಸ್ಟುಡಿಯೋದೋರು ಹಾರ್ಡ್ ಡಿಸ್ಕ್ ಕೊಟ್ಟು ಹೋಗ್ತಾರೆ. ಅರಿಶಿಣದಿಂದ ಹಿಡಿದು ಹೆಣ್ಣೊಪ್ಪಿಸೋ ತನಕ ಆರೇಳು ತಾಸಿನ ಚಿತ್ರ ಇರ್ತೈತೆ, ಇವ್ಳು ಅದನ್ನ ಎರಡು ತಾಸಿಗೆ ತರ್ತಾಳೆ. ಹಗಲೊತ್ತು ಅಡುಗೆ, ಮಗು, ಬಂದೋರು ಹೋದೋರು. ಅವ್ಳ ಕೆಲಸ ಶುರುವಾಗೋದೇ ರಾತ್ರಿ ಹತ್ತರ ಮ್ಯಾಲೆ. ಕಂಪ್ಯೂಟರ್ ಇರೋದು ನಡುಮನೆಯಾಗೆ, ನಮ್ಮತ್ತೆ ಮಲಗೋದೂ ನಡುಮನೆಯಾಗೆ. ಹಿಂದಿನ ಕೋಣೆಗೆ ತಗಡು ಹೊದಿಸೈತೆ, ಏಪ್ರಿಲ್‌ನಾಗೆ ಅಲ್ಲಿ ಮನುಷ್ಯರೂ ಇರಾಕಾಗಲ್ಲ, ಯಂತ್ರನೂ ಇರಾಕಾಗಲ್ಲ.

ನಡುರಾತ್ರಿ ಫ್ಯಾನು ಜೋರಾಗೋದು, ಅತ್ತೆ ಎದ್ದು ಕುಂದ್ರೋರು. "ಏನವ್ವಾ, ಮನೆಯಾಗೆ ಗಿರಣಿ ಹಚ್ಚೀರೇನು?" ಅನ್ನೋರು. ಒಂದಿನ ಆತು, ಎರಡು ದಿನ ಆತು, ಮೂರನೇ ದಿನ ನಾನೂ ನಿದ್ದೆಗೆಟ್ಟು ಎದ್ದಿದ್ದೆ. ಸೊಸೆಗೆ ಅಂದೆ: "ವಯಸ್ಸಾದೋರ ನಿದ್ದೆಗಿಂತ ಯಾರದೋ ಮದುವೆ ಸಿನಿಮಾ ಹೆಚ್ಚಾತೇನಮ್ಮ ನಿಂಗೆ? ಆರ್ಸು ಅದನ್ನ." ಅವ್ಳು ಮರುಮಾತಾಡದಂಗೆ ಆರಿಸಿದ್ಲು. ಮಾರನೇ ರಾತ್ರಿ ಕುಂದ್ರಲೇ ಇಲ್ಲ. ಎರಡು ಮದುವೆ ಕೆಲಸ ತಡ ಆತು. ಒಂದು ಸ್ಟುಡಿಯೋದೋರು ಮುಂದಿನದನ್ನ ಬೇರೆಯವ್ರಿಗೆ ಕೊಟ್ರು. ಮಗುವಿನ ಸ್ಕೂಲ್ ಫೀಜು ಆ ದುಡ್ಡಿನಾಗೇ ಕಟ್ತಿದ್ಲು ಅನ್ನೋದು ನಂಗೆ ಗೊತ್ತಾಗಿದ್ದು, ಮಗ ನನ್ನತ್ರ ಸಾಲ ಕೇಳಾಕೆ ಬಂದಾಗ.

ಅಷ್ಟೊತ್ತಿಗೆ ಪ್ಯಾಟೆ ಅಂಗಡಿಯೋರನ್ನ ಫೋನಿನಾಗೆ ಕೇಳಿದ್ರೆ "ಗ್ರಾಫಿಕ್ಸ್ ಕಾರ್ಡ್ ಹಳೇದಾತು, ಹೊಸದು ಹಾಕ್ಸ್ರಿ, ಮೂವತ್ತು ಸಾವಿರ ಇಟ್ಕಳ್ರಿ" ಅಂದ್ರು. ಪೆಟ್ಟಿಗೆ ಮುಖನೂ ನೋಡಿರಲಿಲ್ಲ ಅವ್ರು. ಮಗ ಏಸಿ ಹಾಕಿಸೋಣ ಅಂದ. ನಮ್ಮನೆಯೋರು ಮಾತ್ರ "ಅದರ ಮುಚ್ಚಳ ಒಂದ್ಸಲ ಬಿಚ್ಚಿ ನೋಡಬಾರದೇನು" ಅಂದ್ರು. ತೋಟದ ಮೋಟಾರು ಬಿಚ್ಚಿ ಬಿಚ್ಚಿ ಅಭ್ಯಾಸ ಅವ್ರಿಗೆ.

ಬಿಚ್ಚಿದೋಳು ಸೊಸೇನೇ. "ಅತ್ತೆ, ಇಲ್ಲಿ ಬರ್ರಿ, ನೋಡ್ರಿ" ಅಂತ ಕರೆದ್ಲು. ನೋಡಿದೆ. ಕಂಬಳಿ ಕಣ್ರಿ! ಬಾಚಣಿಗೆ ಹಲ್ಲಿನಂಗೆ ಸಾಲಾಗಿ ಅಲ್ಯೂಮಿನಿಯಂ ತಗಡು ಇರ್ತಾವೆ, ಅವುಗಳ ಮ್ಯಾಲೆ ಧೂಳು ಒತ್ತಾಗಿ ಕುಂತು ಕಂಬಳಿ ಆಗಿತ್ತು, ಬೆರಳಿಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಅದ್ರಾಗೆ ಅಡಿಕೆ ಸಿಪ್ಪೆ ನಾರಿತ್ತು, ಮೆಕ್ಕೆಜೋಳದ ಹೊಟ್ಟಿತ್ತು, ಅತ್ತೆಯ ಬಿಳಿ ಕೂದ್ಲೂ ಇತ್ತು. ನಮ್ಮ ಕಿಟಕಿ ಆಚೆನೇ ಕಣ. ಅಡಿಕೆ ಸುಲಿಯೋ ಕಾಲ, ಒಕ್ಕಣೆ ಕಾಲ ಅಂತ ನಾಲ್ಕೈದು ತಿಂಗಳು ಧೂಳು ಒಳಗೆ ಬಂದಿದ್ದೇ ಬಂದಿದ್ದು. ಅದು ಕುಂತ್ಕಂಡಿದ್ದು ಆ ಚಳಿಗಾಲದಾಗೆ, ಬೇಯಿಸಿದ್ದು ಈ ಬ್ಯಾಸಿಗೆಯಾಗೆ. ಮದುವೆ ಸೀಸನ್ನೂ ಬಿಸಿಲೂ ಒಟ್ಟಿಗೇ ಬರ್ತಾವಲ್ಲ, ಅಂದ್ರೆ ಹೊರಗೆ 38 ಡಿಗ್ರಿ ಇದ್ದಾಗಲೇ ಪೆಟ್ಟಿಗೆಗೆ ವರ್ಷದಾಗೆಲ್ಲ ಹೆಚ್ಚು ದುಡಿಮೆ.

ನನ್ನ ತಪ್ಪೂ ಇತ್ತು. ಧೂಳು ಬೀಳಬಾರದು ಅಂತ ನಾನೇ ಆ ಪೆಟ್ಟಿಗೆನ ಮರದ ಕಪಾಟಿನ ಒಳಗಿಡಿಸಿ, ಮ್ಯಾಲೆ ಕಸೂತಿ ಬಟ್ಟೆ ಹಾಸಿದ್ದೆ. ಟೀವಿಗೆ ಹಾಸ್ತೀವಲ್ಲ, ಹಂಗೆ. ಅದು ಉಸಿರು ಬಿಡೋ ಜಾಗನೇ ಹಿಂದೆ ಮತ್ತೆ ಮ್ಯಾಲೆ ಅಂತ ನಂಗೇನು ಗೊತ್ತು. ಬಿಟ್ಟ ಬಿಸಿ ಉಸಿರನ್ನೇ ತಿರುಗಿ ಎಳ್ಕಂತಿತ್ತು ಪಾಪ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಸಿಪಿಯು ಅಂತ ಕರೀತೀವಲ್ಲ ದೊಡ್ಡ ಪೆಟ್ಟಿಗೆನ, ಅದು ಸಿಪಿಯು ಅಲ್ಲವಂತೆ. ನಿಜವಾದ ಸಿಪಿಯು, ಅಂದ್ರೆ ಪ್ರೊಸೆಸರ್ರು, ಒಳಗೆ ಒಂದು ಬಿಸ್ಕತ್ತಿನಷ್ಟು ಚಿಕ್ಕದು. 1993ರಾಗೆ ಬಂದ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ತಿಂತಿತ್ತು. ಈಗ ಸಾಮಾನ್ಯ ಮನೆ ಕಂಪ್ಯೂಟರಿನ ಐ5 12400 ಅನ್ನೋದಕ್ಕೆ 65 ವ್ಯಾಟ್ ಅಂತ ಬರೆದಿರ್ತಾರೆ, ಜೋರು ಕೆಲಸ ಬಂದ್ರೆ 117ರ ತನಕ ಹೋಗ್ತೈತೆ. ಸೊಸೆ ಕಂಪ್ಯೂಟರಿನಾಗೆ ಇರೋ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿಗೆ 170 ವ್ಯಾಟ್. ತಿಂದ ಕರೆಂಟೆಲ್ಲ ಕಡೆಗೆ ಬಿಸಿಯಾಗೇ ಹೊರಗೆ ಬರಬೇಕು, ಬೇರೆ ದಾರಿ ಇಲ್ಲ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್ ಅಂತ ಇಟ್ಕಳ್ರಿ, ಅದರ ಕಾಲುಭಾಗಕ್ಕಿಂತ ಹೆಚ್ಚು ಬಿಸಿನ ನಾನು ಕಪಾಟಿನಾಗೆ ಬೀಗ ಹಾಕಿ ಇಟ್ಟಿದ್ದೆ.

ಬಿಸಿ ಹೆಚ್ಚಾದ್ರೆ ಅದು ಸುಟ್ಟು ಹೋಗ್ತೈತೆ ಅಂತ ನಾನು ಹೆದ್ರಿದ್ದೆ. ಅಷ್ಟು ಬೇಗ ಸುಡಲ್ಲ. ಇಂಟೆಲ್ ಪ್ರೊಸೆಸರಿಗೆ 100 ಡಿಗ್ರಿ ಹತ್ರ ಬಂದ್ರೆ ತಾನೇ ನಿಧಾನ ಆಗ್ತೈತೆ, ಬಿಸಿಲಾಗೆ ಎತ್ತು ನಿಂತಂಗೆ. ಸೊಸೆ ಸ್ಕ್ರೀನಿನಾಗೆ ತೋರಿಸಿದ್ಲು, ಪ್ರೊಸೆಸರ್ 98ರಾಗಿತ್ತು, ಕಾರ್ಡು 84ರಾಗೆ ಅಂಟ್ಕಂಡು ಕುಂತಿತ್ತು. ಒಂದು ತಾಸಿನ ಕೆಲಸ ಎರಡೂವರೆ ತಾಸು ಹಿಡೀತಿತ್ತು, ಫ್ಯಾನು ಅಷ್ಟೂ ಹೊತ್ತು ಕೂಗ್ತಿತ್ತು. ಅಂಗಡಿಯೋರು ಕಾರ್ಡು ಹಳೇದಾತು ಅಂದಿದ್ದು ಈ ನಿಧಾನಕ್ಕೇ.

ಏನು ಮಾಡಿದ್ವಿ ಅಂದ್ರೆ, ಪ್ಲಗ್ ಕಿತ್ತು ಪೆಟ್ಟಿಗೆನ ಜಗುಲಿಗೆ ಒಯ್ದ್ವಿ. ಹೊಸ ಪೇಂಟ್ ಬ್ರಷ್ ತಗಂಡು ಮೆತ್ತಗೆ ಧೂಳು ಜಾಡಿಸಿದ್ವಿ. ಫ್ಯಾನಿನ ರೆಕ್ಕೆನ ಬೆರಳಿಂದ ಹಿಡ್ಕಂಡೇ ಊದಬೇಕು, ಬಿಟ್ರೆ ಗಿರ್ರನೆ ತಿರುಗಿ ಕೆಡ್ತೈತೆ. ಗ್ಯಾರೇಜಿನ ಗಾಳಿ ಹೊಡೆಸೋಣ ಅಂದ ಮಗ. ಬ್ಯಾಡ, ಅದ್ರಾಗೆ ನೀರಿನ ಪಸೆ ಬರ್ತೈತೆ. ಒದ್ದೆ ಬಟ್ಟೆ ಮುಟ್ಟಿಸಲೇಬಾರದು. ಕರೆಂಟ್ ಒಳಗೆ ಬರೋ ಡಬ್ಬಿ, ಎಸ್‌ಎಂಪಿಎಸ್ ಅಂತಾರೆ, ಅದನ್ನಂತೂ ಬಿಚ್ಚಾಕೇ ಹೋಗಬ್ಯಾಡ್ರಿ, ಪ್ಲಗ್ ತೆಗೆದ ಮ್ಯಾಲೂ ಒಳಗೆ ಕರೆಂಟ್ ಉಳಿದಿರ್ತೈತೆ.

ಆಮೇಲೆ ಪೇಸ್ಟು. ಪ್ರೊಸೆಸರಿಗೂ ಅದರ ಮ್ಯಾಲೆ ಕೂರೋ ಲೋಹದ ತಣಿಸೋ ಗಡ್ಡೆಗೂ ನಡುವೆ ಕಣ್ಣಿಗೆ ಕಾಣದ ತಗ್ಗು ಇರ್ತಾವೆ, ಅಲ್ಲಿ ಗಾಳಿ ನಿಂತ್ರೆ ಬಿಸಿ ದಾಟಲ್ಲ. ಆ ತಗ್ಗು ತುಂಬಾಕೆ ಥರ್ಮಲ್ ಪೇಸ್ಟ್. ನಮ್ಮದು ಒಣಗಿ ಸುಣ್ಣದ ಚಕ್ಕೆ ಆಗಿತ್ತು. ಹಳೇದನ್ನ ಸ್ಪಿರಿಟ್ಟಿನಾಗೆ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಇಟ್ಟು ಒತ್ತಿದ್ಲು. ಹೆಚ್ಚು ಹಾಕಿದ್ರೆ ಒಳ್ಳೇದಲ್ಲೇನು ಅಂದೆ. ದೋಸೆ ಹಂಚಿಗೆ ಎಣ್ಣೆ ಸವರಿದಂಗಷ್ಟೇ ಸಾಕಂತೆ. ಪೇಸ್ಟಿನ ಟ್ಯೂಬು ನೂರಾರು ರೂಪಾಯಿ ಲೆಕ್ಕದ್ದು, ಸಾವಿರದ್ದಲ್ಲ. ಆ ಗಡ್ಡೆಯಾಗೆ ತಾಮ್ರದ ಕೊಳವೆ ಇರ್ತಾವೆ, ಅವುಗಳೊಳಗೆ ಒಂಚೂರು ನೀರು ಬಿಸಿಗೆ ಆವಿ ಆಗಿ ಮ್ಯಾಲೇರಿ, ತಗಡಿನ ಹತ್ರ ತಣ್ಣಗಾಗಿ ತಿರುಗಿ ಕೆಳಗಿಳೀತೈತೆ. ಇಡ್ಲಿ ಪಾತ್ರೆ ಮುಚ್ಚಳದ ಹನಿ ನೋಡಿದೋರಿಗೆ ಇದೇನು ದೊಡ್ಡ ವಿದ್ಯೆ ಅಲ್ಲ.

ಪೆಟ್ಟಿಗೆ ಕಪಾಟಿನಿಂದ ಹೊರಗೆ ಬಂತು, ಗೋಡೆಯಿಂದ ಒಂದು ಗೇಣು ದೂರ ಇಟ್ವಿ. ಪ್ರೊಸೆಸರ್ 98 ಇದ್ದದ್ದು 76ಕ್ಕೆ ಇಳೀತು.

ಬಿಸಿ ಇಳೀತು ಸರಿ, ಸದ್ದು? ಸದ್ದೂ ಇಳೀತು, ಆದ್ರೂ ಅತ್ತೆ ಏಳೋದು ಪೂರ್ತಿ ನಿಲ್ಲಲಿಲ್ಲ. ಇಲ್ಲಿ ನಮಗೆ ದಾರಿ ತೋರಿಸಿದ್ದು ಅತ್ತೇನೇ. ಅವ್ರು ದಾವಣಗೆರೆ ಹುಡುಗಿ, ಕಾಟನ್ ಮಿಲ್ಲು ಹಗಲು ರಾತ್ರಿ ಓಡ್ತಿದ್ದ ಕಾಲದಾಗೆ ಮಿಲ್ಲಿನ ಮಗ್ಗುಲ ಕೇರಿಯಾಗೆ ಬೆಳೆದೋರು. "ಮಿಲ್ಲಿನ ಸದ್ದಿಗೆ ನಂಗೆ ಯಾವತ್ತೂ ಎಚ್ಚರ ಆಗಿಲ್ಲ, ಮಿಲ್ಲು ನಿಂತ ದಿನನೇ ಎಚ್ಚರ ಆಗೋದು. ಇದು ಏರ್ತೈತೆ, ಇಳೀತೈತೆ, ಮತ್ತೆ ಏರ್ತೈತೆ, ಅದಕ್ಕೆ ಎಚ್ಚರ ಆಗ್ತೈತೆ" ಅಂದ್ರು. ಸೊಸೆ ಕಣ್ಣು ಅರಳಿತು. ಫ್ಯಾನು ಒಂದೊಂದು ಡಿಗ್ರಿಗೂ ವೇಗ ಬದಲಾಯಿಸೋ ಹಂಗೆ ಕಂಪನಿಯೋರು ಇಟ್ಟಿದ್ರಂತೆ. ಅವ್ಳು ಅದನ್ನ ಬದಲಾಯಿಸಿ, 70 ಡಿಗ್ರಿ ಆಗೋ ತನಕ ಒಂದೇ ಸಮ ನಿಧಾನಕ್ಕೆ ತಿರುಗೋ ಹಂಗೆ ಮಾಡಿದ್ಲು.

ಚಿಕ್ಕ ಫ್ಯಾನ್ ಕಿತ್ತು 120 ಮಿಲಿಮೀಟರಿನ ಎರಡು ಹಾಕಿದ್ಲು, ಮುಂದಿನಿಂದ ತಣ್ಣನೆ ಗಾಳಿ ಒಳಗೆ, ಹಿಂದಿನಿಂದ ಬಿಸಿ ಹೊರಗೆ. ಎರಡಾದ್ರೆ ಸದ್ದೂ ಎರಡರಷ್ಟು ಅಲ್ವೇನೆ ಅಂತ ಕೇಳ್ದೆ. ಅಲ್ಲ. ಅದೇ ಥರದ ಇನ್ನೊಂದು ಫ್ಯಾನ್ ಸೇರಿದ್ರೆ 3 ಡೆಸಿಬಲ್ ಮಾತ್ರ ಹೆಚ್ಚಾಗ್ತೈತೆ, ಅದೇ ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದ್ರೆ ಸುಮಾರು 15 ಡೆಸಿಬಲ್ ಕಮ್ಮಿ ಆಗ್ತೈತೆ. 10 ಡೆಸಿಬಲ್ ಇಳಿದ್ರೆ ಕಿವಿಗೆ ಅರ್ಧ ಸದ್ದು ಅನ್ನಿಸ್ತೈತೆ. ಅಂದ್ರೆ ಒಬ್ಬಳ ಕೈಲಿ ಓಡಿಸಿ ದುಡಿಸೋಕಿಂತ ಇಬ್ಬರು ನಿಧಾನಕ್ಕೆ ಮಾಡಿದ್ರೆ ಮನೆ ಶಾಂತ. ಇದನ್ನ ನಮ್ಮ ಮನೆ ಗಂಡಸರಿಗೆ ಯಾರಾದ್ರೂ ಹೇಳ್ರಿ.

ಇನ್ನೊಂದು, ಬಿಸಿನ ಹುಟ್ಟೋ ಜಾಗದಾಗೇ ಕಮ್ಮಿ ಮಾಡಬೇಕು. ಸೊಸೆ ಕಾರ್ಡಿನ ಕರೆಂಟಿಗೆ ಮಿತಿ ಹಾಕಿದ್ಲು, ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ದುಡ್ಡು ಕೊಡಂಗಿಲ್ಲದ ಸಾಫ್ಟ್‌ವೇರಿನಾಗೆ, 100 ಇದ್ದದ್ದನ್ನ 80ಕ್ಕೆ. ಕೆಲಸ ಒಂಚೂರು ತಡ ಆಗ್ತೈತೆ, ಬಿಸಿ ಮಾತ್ರ ಚೆನ್ನಾಗೇ ಇಳೀತೈತೆ. ನಮ್ಮ ತಂಗಿ ಮಗ ರಜಕ್ಕೆ ಬಂದು ಗೇಮ್ ಆಡ್ತಾನೆ. ಸ್ಕ್ರೀನು ಸೆಕೆಂಡಿಗೆ 60 ಚಿತ್ರ ತೋರಿಸೋದಾದ್ರೂ ಕಾರ್ಡು 150 ಚಿತ್ರ ಬರೀತಾ ಕುಂತಿರ್ತೈತೆ. ಹತ್ತು ಜನರ ಮನೆಗೆ ಇಪ್ಪತ್ತೈದು ಜನರ ಅನ್ನ ಬಸಿದಂಗೆ. 60ಕ್ಕೆ ಕಟ್ಟುಹಾಕಿದ್ಲು, ಅವನಿಗೆ ಗೊತ್ತೂ ಆಗ್ಲಿಲ್ಲ.

ನೀರಿನಾಗೆ ತಣಿಸೋದು ಬಂದೈತೆ, ಬಣ್ಣದ ದೀಪದ ಫ್ಯಾನ್ ಬಂದಾವೆ, ಅದನ್ನ ಹಾಕಿಸ್ರಿ ಅಂತ ಹುಡುಗ್ರು ಹೇಳ್ತಾರೆ. ನನ್ನ ಕೇಳಿದ್ರೆ ನಮ್ಮಂಥ ಮನೆಗೆ ಬ್ಯಾಡ. ಅದಕ್ಕೂ ತಗಡು ಬೇಕು, ಫ್ಯಾನ್ ಬೇಕು, ಅದರ ಮ್ಯಾಲೂ ಧೂಳು ಕೂರ್ತೈತೆ, ಪಂಪು ಬೇರೆ ಗುಂಯ್ ಅಂತೈತೆ. ಏಸಿ ವಿಚಾರನೂ ಅಷ್ಟೇ. ಕೋಣೆ ತಣ್ಣಗಾದ್ರೆ ಪೆಟ್ಟಿಗೆನೂ ತಣ್ಣಗಾಗ್ತೈತೆ, ಸುಳ್ಳಲ್ಲ. ಆದ್ರೆ ಕಂಬಳಿ ಹೊದ್ದೋಳಿಗೆ ಬೀಸಣಿಗೆ ಬೀಸೋ ಮುಂಚೆ ಕಂಬಳಿ ತೆಗೀಬೇಕಲ್ಲ.

ನಂಗೆ ಸಿಟ್ಟು ಬರೋದು ಯಾತಕ್ಕೆ ಅಂದ್ರೆ, ಮನೆಯಾಗೆ ಮಿಕ್ಸಿ, ಫ್ರಿಜ್ಜಿನ ಹಿಂದಿನ ಜಾಲರಿ, ಅಟ್ಟದ ಜೇಡರಬಲೆ, ಎಲ್ಲ ಒರೆಸೋರು ನಾವು. ಆ ಒಂದು ಪೆಟ್ಟಿಗೆ ಹತ್ರ ಹೋದ್ರೆ "ಮುಟ್ಟಬ್ಯಾಡ, ಕೆಟ್ಟೀತು" ಅಂತಾರೆ. ಮುಟ್ಟದೇ ಇದ್ದಿದ್ದಕ್ಕೇ ಕೆಟ್ಟಿದ್ದು. ಕೆಟ್ಟು ಸದ್ದು ಮಾಡಿದ್ರೆ ಬೈಸ್ಕಳೋದು ಮಾತ್ರ ಅದರ ಮುಂದೆ ಕುಂತು ದುಡಿಯೋ ಹೆಣ್ಣುಮಗಳು. ಅದೇ ರಾತ್ರಿ ಮಗ ಕ್ರಿಕೆಟ್ ಹಚ್ಕಂಡು ಕುಂತಿದ್ರೆ ನಾನು "ಆರ್ಸು" ಅಂತಿದ್ನಾ? ಅಂತಿರಲಿಲ್ಲ. ಟೀವಿ ಸದ್ದು ಸಣ್ಣ ಮಾಡಪ್ಪ ಅಂತಿದ್ದೆ, ಅಷ್ಟೇ. ಸೊಸೆ ಕೆಲಸನ ನಾನು ಕೆಲಸ ಅಂತ ಎಣಿಸಿರಲಿಲ್ಲ, ಅದಕ್ಕೇ ಯಾಕೆ ಕೂಗ್ತೈತೆ ಅಂತ ಕೇಳಲಿಲ್ಲ, ನಿಲ್ಲಿಸು ಅಂದೆ. ಇದನ್ನ ಅವ್ಳಿಗೆ ನೇರವಾಗಿ ಹೇಳ್ದೆ. "ಇರ್ಲಿ ಬಿಡ್ರಿ ಅತ್ತೆ" ಅಂದ್ಲು. ಕೈ ಬಿಟ್ಟುಹೋದ ಸ್ಟುಡಿಯೋ ಕೆಲಸ ಮಾತ್ರ ತಿರುಗಿ ಬಂದಿಲ್ಲ.

ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಸಲ ಬಿಚ್ಚೋದು ಅಂತ ಆಗೈತೆ, ಅಡಿಕೆ ಸುಲಿಯೋದು ಮುಗಿದ ಮ್ಯಾಲೆ ಒಂದು, ಯುಗಾದಿ ಹತ್ರ ಮನೆ ತೊಳೆಯೋವಾಗ ಒಂದು. ಪೇಸ್ಟು ಪ್ರತಿ ಸಲ ಬೇಕಿಲ್ಲ, ಬಿಸಿ ಮತ್ತೆ ಏರಿದ್ರೆ ಮಾತ್ರ. ಕಸೂತಿ ಬಟ್ಟೆ ಹಿಟ್ಟಿನ ಡಬ್ಬಿ ಮ್ಯಾಲೆ ಹೋಗೈತೆ. ಅತ್ತೆ ಈಗ ನಡುಮನೆಯಾಗೆ ಗೊರಕೆ ಹೊಡೀತಾರೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಪೇಸ್ಟಿನ ಟ್ಯೂಬಿನಾಗೆ ಇನ್ನೂ ನಾಲ್ಕೈದು ಮನೆಗಾಗೋವಷ್ಟು ಉಳಿದೈತೆ. ಬೇಕಾದೋರು ಪೆಟ್ಟಿಗೆ ತಗಂಡು ಬರ್ರಿ, ಬ್ರಷ್ಷು ನಂದೇ ಐತೆ, ನಾನೇ ಧೂಳು ಜಾಡಿಸಿಕೊಡ್ತೀನಿ. ಬರೋ ಮುಂಚೆ ಒಂದು ಫೋನ್ ಮಾಡ್ರಿ, ಸೊಸೆಗೆ ಈ ವಾರ ಎರಡು ಮದುವೆ ಕೆಲಸ ಐತೆ.