ನಾಮಫಲಕದಿಂದ ನೀರು ಶುದ್ಧವಾಗದು

ತವರಿನ ಹಳ್ಳಿಯೊಂದಕ್ಕೆ ಶುದ್ಧ ಕುಡಿಯುವ ನೀರಿನ ಘಟಕವನ್ನು ಕೊಡಿಸಬೇಕೆಂಬ ಸೂಚನೆ ನಮ್ಮ ಕೂಟದ ಮುಂದೆ ಮತ್ತೆ ಬಂದಿದೆ. ಸದಸ್ಯರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಯಂತ್ರ, ಫಲಕ, ಛಾಯಾಚಿತ್ರ ಇಷ್ಟೇ ಆಗಿರುವ ಈ ಯೋಜನೆಯನ್ನು ವೈದ್ಯವೃತ್ತಿಯ ಸ್ವಯಂಸೇವಕರಾದ ನಾವು ವಿರೋಧಿಸುತ್ತೇವೆ.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಮುಂಡರಗಿ ಸೀಮೆಗಳ ಅನೇಕ ಕೊಳವೆಬಾವಿಗಳ ಕೇಡು ಫ್ಲೋರೈಡಿನದು. ಅಮೆರಿಕದ ಹಲವು ನಗರಗಳಲ್ಲಿ ಹಲ್ಲಿನ ರಕ್ಷಣೆಗೆಂದು ನಲ್ಲಿನೀರಿನ ಫ್ಲೋರೈಡನ್ನು ಲೀಟರಿಗೆ 0.7 ಮಿಲಿಗ್ರಾಂ ಮಟ್ಟದಲ್ಲಿಡುತ್ತಾರೆ. ಅದೂ ಹೆಚ್ಚಾಯಿತೆಂದು ಇಲ್ಲಿ ವಾದ ನಡೆಯುತ್ತದೆ! ಭಾರತೀಯ ಮಾನಕದ ಮಿತಿ 1 ಮಿಲಿಗ್ರಾಂ. ಬೇರೆ ಜಲಮೂಲವಿಲ್ಲದಿದ್ದರೆ 1.5. ಮಿತಿಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ, ವರ್ಷಗಳು ಉರುಳಿದಂತೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಹಾಗೆ ಬಾಗಿದ ಬೆನ್ನನ್ನು ನೆಟ್ಟಗಾಗಿಸುವ ಔಷಧ ನಮ್ಮಲ್ಲಿಲ್ಲ.

ಕಾಯಿಸಿ ಕುಡಿಯಿರಿ ಎಂಬ ಹಿರಿಯರ ಮಾತು ವಿಷಮಶೀತಜ್ವರದ ಮಟ್ಟಿಗೆ ಸತ್ಯ. ಫ್ಲೋರೈಡಿನ ಮಟ್ಟಿಗೆ ಅದು ತಿರುಗುಬಾಣ. ಆವಿಯಾಗುವುದು ನೀರು ಮಾತ್ರ. ಎರಡು ಲೀಟರು ಒಂದಾಗುವಷ್ಟು ಕುದಿಸಿದರೆ ಫ್ಲೋರೈಡಿನ ಸಾಂದ್ರತೆ ಇಮ್ಮಡಿಯಾಗುತ್ತದೆ.

ನಮ್ಮ ಮುಖ್ಯ ಆಕ್ಷೇಪವಿರುವುದು ಅಡುಗೆಮನೆಯಲ್ಲಿ. 'ಕುಡಿಯುವ ನೀರು' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ದುಡ್ಡು ಕೊಟ್ಟು ಹೊತ್ತು ತಂದ ಇಪ್ಪತ್ತು ಲೀಟರಿನ ಕ್ಯಾನನ್ನು ಕುಡಿಯುವುದಕ್ಕೆ ಮೀಸಲಿಟ್ಟು, ಅನ್ನಕ್ಕೆ, ಸಾರಿಗೆ, ಮುದ್ದೆಗೆ ಬೋರಿನ ನೀರನ್ನೇ ಸುರಿದರೆ ಬಂದ ಲಾಭವೇನು? ಮುದ್ದೆಯಲ್ಲಿ ಬಸಿದು ಚೆಲ್ಲುವುದೇನೂ ಇಲ್ಲ. ನೀರಿನೊಡನೆ ಫ್ಲೋರೈಡೂ ಹಿಟ್ಟಿನೊಳಗೇ ಉಳಿಯುತ್ತದೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಸಾಕು. ಅಡುಗೆಗೆ ಸಾಲದು. ಐದು ಜನರ ಮನೆಗೆ ದಿನಕ್ಕೊಂದು ಕ್ಯಾನು ಎಂದು ಲೆಕ್ಕ ಹಾಕುವವರು ಈ ಪಾತ್ರೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಆರ್‌ಒ ಯಂತ್ರದ ವಿಷಯ. ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸುವವರು ಯಾರು? ಅದು ಹೊರಹಾಕುವ, ಫ್ಲೋರೈಡ್ ಇನ್ನಷ್ಟು ಸಾಂದ್ರವಾದ ನೀರು ಹೋಗುವುದೆಲ್ಲಿಗೆ? ಸೂಚನಾಪತ್ರದಲ್ಲಿ ಉತ್ತರವಿಲ್ಲ. ಉದ್ಘಾಟನೆಯ ಖರ್ಚು ಮಾತ್ರ ವಿವರವಾಗಿದೆ.

ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ನೂರು ಚದರ ಮೀಟರಿನ ಶಾಲಾ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಸಾವಿರ ಲೀಟರ್. ಬರದ ಸೀಮೆಯಲ್ಲಿಯೂ ಅಂಥ ಮಳೆಗಳು ಕೆಲವಾದರೂ ಬರುತ್ತವೆ. ಮೊದಲ ಮಳೆಯನ್ನು ಹೊರಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಬಿಸಿಯೂಟದ ಅಡುಗೆಗೆ ಒದಗುತ್ತದೆ. ಹಿರಿಯರ ಕಾಯಿಸುವ ಬುದ್ಧಿವಾದ ಇಲ್ಲಿ ಸಲ್ಲುತ್ತದೆ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾವು ಕೇಳುವುದಿಷ್ಟು: ಮೊದಲು ಆ ಹಳ್ಳಿಯ ನೀರಿನ ಪರೀಕ್ಷಾ ವರದಿ, ಅನಂತರ ಐದು ವರ್ಷಗಳ ನಿರ್ವಹಣೆಯ ಹಣ. ಇವೆರಡೂ ಇಲ್ಲದೆ ಚೆಕ್ಕಿಗೆ ಸಹಿ ಬೀಳಬಾರದು.