ಜೀವನಾಂಶ ಯಾರ ಬಾಗಿಲಲ್ಲಿ ಕೇಳಬೇಕು?

ಗಿರೀಶ ಕಾಸರವಳ್ಳಿಯವರ ‘ಹಸೀನಾ’ 2004ರ ಚಿತ್ರ. ಬಾನು ಮುಷ್ತಾಕರ ‘ಕರಿ ನಾಗರಗಳು’ ಕತೆಯಿಂದ ತೆಗೆದದ್ದು. ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟು ಹೋಗುತ್ತಾನೆ. ಹಸೀನಾ ಮನೆಗೆಲಸ ಮಾಡಿ ಮಕ್ಕಳನ್ನು ಸಾಕುತ್ತಾಳೆ, ನ್ಯಾಯಕ್ಕಾಗಿ ಮಸೀದಿಯ ಮುತವಲ್ಲಿಯ ಬಾಗಿಲು ಕಾಯುತ್ತಾಳೆ. ಆಕೆ ಕೇಳುವುದು ಧರ್ಮವೇ ಕೊಟ್ಟ ಹಕ್ಕು. ಧರ್ಮ ಕಾಯುವವನಿಗೆ ಮಾತ್ರ ಪುರುಸೊತ್ತಿಲ್ಲ.

2012ರಲ್ಲಿ ಆಸ್ಕರ್ ಪಡೆದ, ಇರಾನಿನ ಅಸ್ಗರ್ ಫರ್ಹಾದಿಯವರ ‘ಎ ಸೆಪರೇಶನ್’ ಚಿತ್ರದಲ್ಲಿ ಮುರಿಯುವುದು ಅನುಕೂಲಸ್ಥರ ಸಂಸಾರ. ಪೆಟ್ಟು ಬೀಳುವುದು ಅವರ ಮನೆಯ ಮುದುಕನ ಚಾಕರಿಗೆ ಬಂದ ಬಸುರಿ ಹೆಂಗಸಿಗೆ. ಆಕೆಯ ಗರ್ಭ ಹೋಗುತ್ತದೆ. ಪರಿಹಾರದ ಹಣ ಬಂದರೆ ಗಂಡನ ಸಾಲ ತೀರೀತು. ಆದರೆ ಮನಸ್ಸಿನಲ್ಲಿ ಸಂಶಯವಿಟ್ಟುಕೊಂಡು ಕುರಾನಿನ ಮೇಲೆ ಆಣೆ ಮಾಡಲು ಆಕೆ ಒಪ್ಪುವುದಿಲ್ಲ. ಧರ್ಮದ ಭಾರ ಎಲ್ಲರಿಗಿಂತ ಬಡವಳ ತಲೆಯ ಮೇಲೆಯೇ!

ಇದು ಮುಸಲ್ಮಾನರ ಮಾತೆಂದು ನಮ್ಮ ಕೆಲವು ಅಂಗಡಿಕಾರ ಗೆಳೆಯರು ಅಂದಾರು. ಗಂಡ ಬಿಟ್ಟವಳಿಗೆ ‘ಹೊಂದಿಕೊಂಡು ಹೋಗವ್ವಾ’ ಎಂದು ಬುದ್ಧಿ ಹೇಳುವ ಹಿರಿಯರು ಎಲ್ಲ ಓಣಿಗಳಲ್ಲೂ ಇದ್ದಾರೆ. ಕುಳಿತುಕೊಳ್ಳುವ ಕಟ್ಟೆ ಬೇರೆ, ಅಷ್ಟೆ.

ಶಾ ಬಾನು ಎಂಬ ಮುದುಕಿಗೆ ತಿಂಗಳಿಗೆ 179 ರೂಪಾಯಿ 20 ಪೈಸೆ ಕೊಡಬೇಕೆಂಬ ಆಜ್ಞೆಯನ್ನು 1985ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮರುವರ್ಷವೇ ಕೇಂದ್ರ ಸರಕಾರ ಮಣಿದು ಬೇರೆ ಕಾಯದೆ ತಂದಿತು. ವಿಚ್ಛೇದಿತ ಮುಸ್ಲಿಂ ಹೆಂಗಸಿಗೂ ಆ ಹಳೆಯ ದಾರಿ ತೆರೆದೇ ಇದೆಯೆಂದು ಕೋರ್ಟು 2024ರ ಜುಲೈಯಲ್ಲಿ ಹೇಳಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟು 60 ದಿವಸಗಳೊಳಗೆ ತೀರಿಸಬೇಕೆಂದೂ ಕಾಯದೆಯಲ್ಲಿದೆ. ಕಾಗದದ ಮೇಲೆ ಕೊರತೆಯಿಲ್ಲ.

ಆದರೆ ತಿಕೋಟಾದ ದ್ರಾಕ್ಷಿ ತೋಟದ ಕೂಲಿ ಹೆಂಗಸು ತಾರೀಖಿಗೆಂದು ವಿಜಯಪುರಕ್ಕೆ ಬರಬೇಕು. 2023ರ ಶಕ್ತಿ ಯೋಜನೆಯಿಂದ ಬಸ್ಸಿನ ಚಾರ್ಜು ಉಳಿಯಿತು, ದಿನಗೂಲಿ ಉಳಿಯುವುದಿಲ್ಲ. ಗಂಡನಿಗೆ ನೋಟೀಸು ಮುಟ್ಟಿಲ್ಲವೆಂದು ತಾರೀಖು ಮುಂದೆ ಹೋದರೆ ಇನ್ನೊಂದು ದಿನದ ಕೂಲಿ ಹೋಯಿತು. ಮೂರು ತಾರೀಖು ಕಳೆದ ಮೇಲೆ ಆಕೆ ಕಟ್ಟೆಯ ಹಿರಿಯರ ಮಾತಿಗೇ ತಲೆಬಾಗಿದರೆ ಆಕೆಯನ್ನು ಯಾರು ದೂರಬೇಕು?

ತಿಕೋಟಾ, ಬಬಲೇಶ್ವರಗಳಲ್ಲೇ ತಿಂಗಳಿಗೊಮ್ಮೆ ಈ ಅರ್ಜಿಗಳ ವಿಚಾರಣೆ ನಡೆಯಲಿ. ಆಜ್ಞೆಯಾದ ಹಣವನ್ನು ಸರಕಾರ ಮೊದಲು ಹೆಂಗಸಿನ ಕೈಗೆ ಕೊಟ್ಟು, ಆಮೇಲೆ ಗಂಡನಿಂದ ವಸೂಲು ಮಾಡಲಿ. ರೈತನ ಬಾಕಿ ವಸೂಲಿಗೆ ಮನೆ ಬಾಗಿಲಿಗೆ ಬರುವ ದಾರಿ ಸರಕಾರಕ್ಕೆ ಗೊತ್ತಿದ್ದೇ ಇದೆ.

ಗಿರಣಿ ಕಾಮಗಾರ ಬಂಧುಗಳಿಗೂ ಒಂದು ಮಾತು. ಸಂಘದ ಸದಸ್ಯನೊಬ್ಬ ಹೆಂಡತಿ ಮಕ್ಕಳನ್ನು ಬೀದಿಗೆ ಬಿಟ್ಟಾಗ ಅದು ಅವನ ಮನೆಯ ಮಾತೆಂದು ನಾವು ಸುಮ್ಮನಿರುತ್ತೇವೆ. ಪಗಾರಕ್ಕಾಗಿ ಮಾಲಕನ ಬಾಗಿಲಿಗೆ ಹೋಗುವ ಸಂಘ, ಆ ಸದಸ್ಯನ ಬಾಗಿಲಿಗೂ ಒಮ್ಮೆ ಹೋಗಲಿ.